ವಾರ್ಲಿಗಳ ಗೋದೂತಾಯಿ

ನವೆಂಬರ್ ತಿಂಗಳು ಬಂತೆಂದರೆ ಹೊರನಾಡ ಕನ್ನಡಿಗರಾದ ನಾವು ಆಲೂರು ವೆಂಕಟರಾಯರನ್ನು ನೆನೆಯುತ್ತೇವೆ. ಹರಿದು ಹಂಚಿಹೋಗಿದ್ದ ನಾಡು ೧೯೫೬ರ ನವೆಂಬರ್ ೧ರಂದು ಒಂದುಗೂಡಿದ ಬಗೆಯನ್ನು ಮಕ್ಕಳಿಗೆ ಹೇಳುತ್ತೇವೆ. ಇದು ಯೋಗ್ಯವೇ ಸರಿ. ಆದರೆ ನಾವು ಬಾಳುವೆ ನಡೆಸುತ್ತಿರುವ ಈ ನೆಲಕ್ಕೂ ತನ್ನದೇ ಆದ ಚರಿತ್ರೆಯುಂಟು. ಅನ್ನವಿತ್ತ ನೆಲದ ಚರಿತ್ರೆಯನ್ನು ಅರಿಯುವುದೂ ಉಂಡವನ ಧರ್ಮಗಳಲ್ಲಿ ಒಂದು. ಹುಟ್ಟಿದೂರಿನ ಹಿರಿಯರಂತೆ ಹೊಟ್ಟೆ ಹೊರೆದ ಊರಿನ ಹಿರಿಯರೂ ನಮಗೆ ಪೂಜ್ಯರೇ.

ನಮ್ಮ ಕಾಮೋಠೆಯನ್ನೇ ನೋಡೋಣ. ಇಂದು ಇಲ್ಲಿ ಎದ್ದು ನಿಂತಿರುವ ಮಹಡಿಗಳನ್ನು ಕಂಡವರಿಗೆ ಇದೊಂದು ಕಾಲಕ್ಕೆ ಪನವೇಲ ತಾಲೂಕಿನ ಸಣ್ಣ ಹಳ್ಳಿಯಾಗಿತ್ತೆಂದು ಹೇಳಿದರೆ ನಂಬುಗೆಯಾಗದು. ೧೯೭೦ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾಗಿ ನವೀ ಮುಂಬಯಿಗೆಂದು ಭೂಸ್ವಾಧೀನ ಆರಂಭವಾದ ಮೇಲೆ ಈ ಸುತ್ತಿನ ಗದ್ದೆಗಳೂ ಉಪ್ಪಿನ ಆಗರಗಳೂ ನಗರವಾದವು. ಇಲ್ಲಿನ ಮೂಲನಿವಾಸಿಗಳು ಆಗರಿಗಳು, ಕೋಳಿಗಳು; ಗುಡ್ಡದ ಮಗ್ಗುಲಲ್ಲಿ ಕಾತಕರಿಗಳು, ಠಾಕೂರರು. ನಮ್ಮಲ್ಲಿ ಹಲವರು 'ಹನ್ನೆರಡೂವರೆ ಟಕ್ಕೆ' ನಿವೇಶನದ ಮೇಲೆ ಕಟ್ಟಿದ ಮನೆಗಳಲ್ಲಿದ್ದೇವೆ. ಆ ಹನ್ನೆರಡೂವರೆ ಯಾರೂ ಸುಮ್ಮನೆ ಕೊಟ್ಟ ದಾನವಲ್ಲ. ೧೯೮೪ರ ಜನವರಿಯಲ್ಲಿ ಉರಣ ತಾಲೂಕಿನ ಜಾಸಯಿಯ ಬಳಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಭೂಮಿ ಕಳೆದುಕೊಂಡವರು ಚಳವಳಿ ಹೂಡಿದಾಗ ಐವರು ಗುಂಡಿಗೆ ಬಲಿಯಾದರು. ಅದಕ್ಕೂ ಹಿಂದೆ, ೧೯೩೦ರ ಸೆಪ್ಟೆಂಬರ್ ೨೫ರಂದು, ಇಲ್ಲಿಂದ ಬಹು ದೂರವಿಲ್ಲದ ಚಿರನೇರಿನ ಕಾಡಿನಲ್ಲಿ ಜಂಗಲ್ ಸತ್ಯಾಗ್ರಹ ನಡೆಯಿತು. ಬ್ರಿಟಿಷರ ಅರಣ್ಯ ಕಾಯಿದೆಯನ್ನು ಮುರಿಯಲು ಹೋದ ರೈತರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಅಲ್ಲಿ ಮಡಿದ ಎಂಟು ಮಂದಿ ಸತ್ಯಾಗ್ರಹಿಗಳಲ್ಲಿ ನಾಗ್ಯಾ ಕಾತಕರಿ ಎಂಬ ಆದಿವಾಸಿ ತರುಣನೂ ಒಬ್ಬ. ಅದೇ ವರ್ಷ ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಅಂಕೋಲೆಗಳಲ್ಲಿ ಕಾನೂನುಭಂಗದ ಚಳವಳಿ ನಡೆದಿತ್ತೆಂಬುದನ್ನು ನೆನೆದರೆ, ಈ ಎರಡು ನೆಲಗಳೂ ಒಂದೇ ಆಳಿಕೆಯ ಕೆಳಗೆ ಒಂದೇ ನೋವನ್ನು ಉಂಡವೆಂಬುದು ತಿಳಿಯುತ್ತದೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಠಾಣೆ ಜಿಲ್ಲೆಯ ವಾರ್ಲಿ ಆದಿವಾಸಿಗಳ ನಡುವೆ ಬದುಕನ್ನು ಸವೆಸಿದ ಗೋದಾವರಿ ಪರುಳೇಕರ ಎಂಬ ಮಹಿಳೆಯ ಕಥೆಯನ್ನು. ವಾರ್ಲಿಗಳು ಅವರನ್ನು ಗೋದೂತಾಯಿ ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಆ ಕೊನೆಯ ಮಾತಿಗೆ ಅಕ್ಕ ಎಂದು ಅರ್ಥ. ಕನ್ನಡದ ಕಿವಿಗೆ ಅದು ಅಮ್ಮನಾಗಿಯೇ ಕೇಳಿಸುತ್ತದೆ. ಎರಡು ಅರ್ಥವೂ ಅವರಿಗೆ ಸಲ್ಲುವಂಥದು.

ಮೊದಲು ಆ ಜನರ ಪರಿಚಯ ಆಗಬೇಕು. ಹಿಂದಿನ ಠಾಣೆ ಜಿಲ್ಲೆಯ ಉತ್ತರ ಭಾಗ, ಎಂದರೆ ಡಹಾಣು, ಉಂಬರಗಾಂವ, ಪಾಲಘರ, ಜವ್ಹಾರದ ಕಡೆಯ ಸೀಮೆ, ಸಹ್ಯಾದ್ರಿಯಿಂದ ಕಡಲಿನವರೆಗೆ ಇಳಿದು ಬರುವ ಕಾಡುನಾಡು. ೨೦೧೪ರಿಂದ ಅದರ ಬಹುಭಾಗ ಪಾಲಘರ ಜಿಲ್ಲೆಯಾಗಿದೆ. ವಾರ್ಲಿಗಳು ಅಲ್ಲಿನ ಹಳೆಯ ನಿವಾಸಿಗಳು. ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿಂದ ಅವರು ಬರೆಯುವ ಚಿತ್ರಗಳು ಈಗ ಲೋಕಪ್ರಸಿದ್ಧವಾಗಿವೆ. ಅವರಲ್ಲೊಬ್ಬರಾದ ಜಿವ್ಯಾ ಸೋಮಾ ಮ್ಹಸೆ ಎಂಬ ಚಿತ್ರಕಾರರಿಗೆ ೨೦೧೧ರಲ್ಲಿ ಪದ್ಮಶ್ರೀ ಬಂದಿತು. ನಮ್ಮ ಬೈಠಕಖಾನೆಯ ಗೋಡೆಯ ಮೇಲೂ, ಹೆಂಗಸರ ಸೀರೆಯ ಸೆರಗಿನ ಮೇಲೂ ಆ ಕೈಕೈ ಹಿಡಿದು ಕುಣಿಯುವ ಕಡ್ಡಿಮನುಷ್ಯರನ್ನು ಕಾಣುತ್ತೇವೆ. ಆದರೆ ಆ ಚಿತ್ರಗಳನ್ನು ಬರೆದ ಕೈಗಳು ಒಂದು ಕಾಲದಲ್ಲಿ ಎಂಥ ಕೋಳದಲ್ಲಿ ಸಿಕ್ಕಿದ್ದವೆಂಬುದನ್ನು ಬಲ್ಲವರು ಕಡಿಮೆ.

ಬ್ರಿಟಿಷರ ಆಳಿಕೆಯಲ್ಲಿ ಮೂರು ಬಗೆಯಿಂದ ಈ ಜನರ ನೆಲ ಕೈಬಿಟ್ಟಿತು. ಒಂದನೆಯದು, ಭೂಮಿಯ ಮೋಜಣಿಯಾಗಿ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಗಿ ಬಂದದ್ದು. ಕಾಡಿನವನ ಕೈಯಲ್ಲಿ ನಗದು ಎಲ್ಲಿಯದು? ಅವನು ಸಾವುಕಾರನ ಬಳಿ ಹೋದ. ಎರಡನೆಯದು, ೧೮೭೮ರ ಅರಣ್ಯ ಕಾಯಿದೆ. ತಲೆತಲಾಂತರದಿಂದ ಸೌದೆ, ಸೊಪ್ಪು, ಗೆಡ್ಡೆಗಳನ್ನು ತರುತ್ತಿದ್ದ ಕಾಡು ಸರಕಾರದ ಸ್ವತ್ತಾಯಿತು, ಅಲ್ಲಿಗೆ ಹೋದವನು ಕಳ್ಳನೆನಿಸಿದ. ಮೂರನೆಯದು ಅಬಕಾರಿ ಕಾಯಿದೆ. ಇಪ್ಪೆಯ ಹೂವನ್ನು ಕೂಡಿಡುವುದೂ ಅಪರಾಧವಾಗಿ, ಮನೆಯಲ್ಲಿ ಸಿಗುತ್ತಿದ್ದುದನ್ನು ಗುತ್ತಿಗೆದಾರನ ಅಂಗಡಿಯಲ್ಲಿ ಸಾಲ ಮಾಡಿ ಕೊಳ್ಳಬೇಕಾಯಿತು. ಹೀಗೆ ಸಾಲದ ಮೇಲೆ ಸಾಲ ಏರಿ, ಅವನದೇ ಹೊಲದಲ್ಲಿ ಅವನು ಗೇಣಿದಾರನಾದ; ಆಮೇಲೆ ಗೇಣಿಯನ್ನೂ ಕೊಡಲಾರದೆ ಆಳಾದ.

ಆಳುತನದಲ್ಲಿಯೂ ಎರಡು ತರ. ಒಂದಕ್ಕೆ 'ವೇಠ' ಎಂದು ಹೆಸರು. ನಮ್ಮ ಕಡೆಯ ಬಿಟ್ಟಿ ಚಾಕರಿಯೇ ಅದು. ಜಮೀನುದಾರ ಕರೆದ ದಿನ ತನ್ನ ಹೊಲದ ಕೆಲಸ ಬಿಟ್ಟು ಅವನ ಹೊಲಕ್ಕೆ ಓಡಬೇಕು. ಕೂಲಿ ಇಲ್ಲ, ಕೆಲವೊಮ್ಮೆ ಕೂಳೂ ಇಲ್ಲ. ಇನ್ನೊಂದು ಅದಕ್ಕಿಂತ ಕ್ರೂರವಾದುದು. ಮದುವೆಗೆಂದು ನಾಲ್ಕು ಕಾಸು ಸಾಲ ಪಡೆದ ತರುಣ ಆ ಸಾಲ ತೀರುವತನಕ ಧಣಿಯ ಮನೆಯ ಆಳು. ಲೆಕ್ಕ ಬರೆಯುವವನು ಧಣಿಯೇ ಆದುದರಿಂದ ಆ ಸಾಲ ಅವನ ಜನ್ಮದಲ್ಲಿ ತೀರುತ್ತಿರಲಿಲ್ಲ. ಅವನ ಹೆಂಡತಿಯೂ ಅವನೊಡನೆ ಜೀತಕ್ಕೆ ಸೇರಿದವಳೇ. ಇಂಥವನನ್ನು 'ಲಗ್ನಗಡಿ' ಎನ್ನುತ್ತಿದ್ದರು, ಅಂದರೆ ಮದುವೆಯ ಆಳು. ಮನುಷ್ಯನ ಬಾಳಿನಲ್ಲಿ ಮಂಗಳಕರವಾದ ದಿನವೇ ಅವನ ದಾಸ್ಯದ ಮೊದಲ ದಿನವಾಗುತ್ತಿತ್ತು! ಹೊಡೆತ ಬಡಿತಗಳು ನಿತ್ಯದ ಮಾತು. ಹೆಂಗಸರ ಮಾನಕ್ಕೂ ರಕ್ಷಣೆಯಿರಲಿಲ್ಲ. ಇದನ್ನು ಚಳವಳಿಗಾರರಷ್ಟೇ ಹೇಳಿದ್ದಲ್ಲ. ಮುಂಬಯಿ ಸರಕಾರವೇ ನೇಮಿಸಿದ್ದ ಸೈಮಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ೧೯೩೮ರ ತನ್ನ ವರದಿಯಲ್ಲಿ ಆದಿವಾಸಿಗಳ ಈ ಬಿಟ್ಟಿ ದುಡಿಮೆಯನ್ನೂ ಸಾಲದ ಬಂಧನವನ್ನೂ ಬಿಚ್ಚಿ ಬರೆದಿದ್ದ. ವರದಿ ಕಡತ ಸೇರಿತು; ವಾರ್ಲಿ ಹೊಲದಲ್ಲಿಯೇ ಉಳಿದ.

ನಮ್ಮ ನಾಡು ಇದರಿಂದ ಹೊರತಾಗಿತ್ತೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ. ಜೀತ ಎಂಬ ಮಾತು ಕನ್ನಡದ್ದೇ. ದಕ್ಷಿಣ ಕನ್ನಡದಲ್ಲಿ ಕೊರಗರಿಂದ ಮಾಡಿಸುತ್ತಿದ್ದ 'ಅಜಲು' ಎಂಬ ಹೀನ ಚಾಕರಿಯನ್ನು ಕಾಯಿದೆಯಿಂದ ನಿಷೇಧಿಸಲು ಕರ್ನಾಟಕ ಸರಕಾರಕ್ಕೆ ೨೦೦೦ನೆಯ ಇಸವಿಯಾಯಿತು. ಅವರ ನಡುವೆ ಮೊದಲು ದುಡಿದ ಮಂಗಳೂರಿನ ಕುದ್ಮುಲ್ ರಂಗರಾಯರು ತಮ್ಮವರಿಂದಲೇ ಬಹಿಷ್ಕಾರವನ್ನು ಸಹಿಸಬೇಕಾಯಿತು. ಆದುದರಿಂದ ವಾರ್ಲಿಗಳ ಕಥೆಯನ್ನು ಪರರ ಮನೆಯ ದೋಷವೆಂದು ಓದದೆ, ನಮ್ಮ ಮನೆಯ ಕನ್ನಡಿಯೆಂದು ಓದುವುದು ಲೇಸು.

ಇಂಥ ಕತ್ತಲೆಗೆ ದೀಪ ಹಿಡಿದು ಬಂದವರು ಆ ಕತ್ತಲೆಯ ಪರಿಚಯವೇ ಇಲ್ಲದ ಮನೆತನದವರು. ಗೋದಾವರಿ ೧೯೦೭ರ ಆಗಸ್ಟ್ ೧೪ರಂದು ಪುಣೆಯ ಗೋಖಲೆ ಮನೆತನದಲ್ಲಿ ಹುಟ್ಟಿದರು. ತಂದೆ ಹೆಸರಾಂತ ವಕೀಲರು. ಹುಡುಗಿಗೆ ಅಕ್ಷರ ಕಲಿಸುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಆಕೆ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಬಳಿಕ ಕಾನೂನು ಪದವಿಯನ್ನೂ ಪಡೆದರು. ಮಹಾರಾಷ್ಟ್ರದಲ್ಲಿ ಕಾನೂನು ಪದವಿ ಪಡೆದ ಮೊದಲ ಮಹಿಳೆ ಅವರೆಂದು ಪ್ರಸಿದ್ಧಿಯಿದೆ. ಕಪ್ಪು ನಿಲುವಂಗಿ ತೊಟ್ಟು ನ್ಯಾಯಾಲಯಕ್ಕೆ ಹೋಗಿದ್ದರೆ ಕೀರ್ತಿಯೂ ಧನವೂ ಮನೆ ಬಾಗಿಲಿಗೆ ಬರುತ್ತಿದ್ದವು. ಆಕೆಯಾದರೋ ಸ್ವಾತಂತ್ರ್ಯ ಚಳವಳಿಗೆ ಸೇರಿ ಸೆರೆಮನೆಗೆ ಹೋದರು. ಇದು ತಂದೆಗೆ ಒಪ್ಪಿಗೆಯಾಗಲಿಲ್ಲ. ಮಗಳು ಮನೆ ಬಿಟ್ಟು ಮುಂಬಯಿಗೆ ಬಂದರು.

ಮುಂಬಯಿಯಲ್ಲಿ ಅವರು ಗೋಪಾಲಕೃಷ್ಣ ಗೋಖಲೆಯವರು ೧೯೦೫ರಲ್ಲಿ ಕಟ್ಟಿದ್ದ ಭಾರತ ಸೇವಕ ಸಮಾಜಕ್ಕೆ ಸೇರಿದರು. ಆ ಸಮಾಜ ಆಜೀವ ಸದಸ್ಯೆಯಾಗಿ ಸ್ವೀಕರಿಸಿದ ಮೊದಲ ಹೆಂಗಸು ಇವರೇ. ೧೯೩೮ರ ಸುಮಾರಿಗೆ ವಯಸ್ಕರ ಶಿಕ್ಷಣದ ಕೆಲಸ ಕೈಗೊಂಡರು. ಅದೇ ಹೊತ್ತಿನಲ್ಲಿ ಮನೆಗೆಲಸದವರ ಸಂಘವೊಂದನ್ನು ಕಟ್ಟಿದರು. ಗಿರಣಿಯ ಕೆಲಸಗಾರನಿಗೆ ಸಂಘವಿದ್ದೀತು, ಪಾತ್ರೆ ತಿಕ್ಕುವವರಿಗೂ ಬಟ್ಟೆ ಒಗೆಯುವವರಿಗೂ ಸಂಘವೇ ಎಂದು ನಗುವವರಿದ್ದ ಕಾಲ ಅದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಮತ್ತೆ ಅದರ ಮಾತು ಬರುವುದು.

ಆ ಸಮಾಜದಲ್ಲಿಯೇ ಅವರಿಗೆ ಶಾಮರಾವ್ ಪರುಳೇಕರರ ಪರಿಚಯವಾಯಿತು. ಶಾಮರಾಯರು ಡಾಕ್ಟರ್ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಮುಂಬಯಿ ಶಾಸನಸಭೆಗೆ ಆರಿಸಿ ಬಂದಿದ್ದವರು. ಕೊಂಕಣದ ಖೋತಿ ಪದ್ಧತಿಯನ್ನು ತೊಡೆದುಹಾಕಬೇಕೆಂದು ೧೯೩೮ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ರೈತರ ದೊಡ್ಡ ಮೆರವಣಿಗೆಯಲ್ಲಿ ಅಂಬೇಡ್ಕರರ ಜತೆಗೆ ನಿಂತಿದ್ದವರು. ೧೯೩೯ರಲ್ಲಿ ಇಬ್ಬರೂ ವಿವಾಹವಾದರು; ಅದೇ ವರ್ಷ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ಮಹಾಯುದ್ಧದ ವಿರುದ್ಧ ಗಿರಣಿ ಕೆಲಸಗಾರರನ್ನು ಸಂಘಟಿಸಿದುದಕ್ಕಾಗಿ ೧೯೪೦ರಿಂದ ೧೯೪೨ರವರೆಗೆ ಸೆರೆವಾಸವಾಯಿತು. ಹೊರಬಂದ ದಂಪತಿಗಳು ಹಳ್ಳಿಯ ಹಾದಿ ಹಿಡಿದರು.

ಈಗ ಕಥೆ ಕಲ್ಯಾಣದ ಸಮೀಪಕ್ಕೆ ಬರುತ್ತದೆ. ೧೯೪೫ರ ಜನವರಿಯಲ್ಲಿ ಮಹಾರಾಷ್ಟ್ರ ಕಿಸಾನ್ ಸಭೆಯ ಮೊದಲ ಅಧಿವೇಶನ ಟಿಟವಾಳೆಯಲ್ಲಿ ಸೇರಿತು. ಗಣಪತಿಯ ದರ್ಶನಕ್ಕೆಂದು ನಮ್ಮ ಕುಟುಂಬಗಳು ಹೋಗಿಬರುವ ಟಿಟವಾಳೆಯೇ ಅದು. ಆ ಅಧಿವೇಶನಕ್ಕಾಗಿ ಗೋದಾವರಿಯವರು ಊರೂರು ಅಲೆದು ರೈತರನ್ನು ಕರೆದರು. ಉಂಬರಗಾಂವದ ಕಡೆಯಿಂದ ಕೆಲವು ಮಂದಿ ವಾರ್ಲಿಗಳೂ ಬಂದರು. ಸೊಂಟಕ್ಕೊಂದು ತುಂಡು ಬಟ್ಟೆ ಬಿಟ್ಟರೆ ಮೈಮೇಲೆ ಹೆಚ್ಚಿನದೇನೂ ಇಲ್ಲದ ಅವರಲ್ಲಿ ಮಾಹ್ಯಾ ಧಾಂಗಡಾ ಎಂಬವನು ಸಾವಿರಾರು ಜನರ ಮುಂದೆ ನಿಂತು ತನ್ನವರ ಬವಣೆಯನ್ನು ಹೇಳಿದನು. ಸಭೆ ನೀರವವಾಗಿ ಕೇಳಿತು. ಧಣಿಯ ಮುಂದೆ ತಲೆ ಎತ್ತದ ಜನಾಂಗದ ಒಬ್ಬನು ಸಾರ್ವಜನಿಕವಾಗಿ ಬಾಯಿ ತೆರೆದ ಗಳಿಗೆಯಿದು. ಚಳವಳಿ ಹುಟ್ಟಿದ್ದು ಹೀಗೆ. ಪರುಳೇಕರರು ಅಲ್ಲಿಗೆ ಹೋಗುವ ಮುನ್ನ ವಾರ್ಲಿಗಳೇ ಅವರಲ್ಲಿಗೆ ಬಂದರೆಂಬುದನ್ನು ನಾವು ಮರೆಯಬಾರದು.

ತರುವಾಯ ಅವರು ಉಂಬರಗಾಂವ, ಡಹಾಣು ತಾಲೂಕುಗಳ ಪಾಡಾ ಪಾಡಾಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ಪಾಡಾ ಎಂದರೆ ನಮ್ಮ ಮಲೆನಾಡಿನ ಕೇರಿಯಂಥ ನಾಲ್ಕೆಂಟು ಗುಡಿಸಲುಗಳ ಗುಂಪು. ಪುಣೆಯ ವಕೀಲರ ಮಗಳು ಆ ಗುಡಿಸಲುಗಳಲ್ಲಿಯೇ ಮಲಗಿದರು, ಅಲ್ಲಿ ಸಿಕ್ಕಿದ್ದನ್ನೇ ಉಂಡರು, ಅವರ ಮಾತನ್ನು ಕಲಿತರು. ೧೯೪೫ರ ಮೇ ೨೩ರಂದು ಝರಿ ಎಂಬ ಊರಿನಲ್ಲಿ ಸುಮಾರು ಐದು ಸಾವಿರ ವಾರ್ಲಿಗಳ ಸಭೆ ಕೂಡಿತು. ಅಲ್ಲಿ ಆದ ನಿರ್ಣಯಗಳು ಬಹು ಸರಳ. ಇನ್ನು ಮೇಲೆ ಬಿಟ್ಟಿ ದುಡಿಯುವುದಿಲ್ಲ; ದಿನಕ್ಕೆ ಹನ್ನೆರಡು ಆಣೆ ಕೂಲಿ ಕೊಡದವರ ಜಮೀನಿನಲ್ಲಿ ಕೆಲಸ ಮಾಡುವುದಿಲ್ಲ; ಹೊಡೆದರೆ ಎದುರಿಸುತ್ತೇವೆ; ಒಗ್ಗಟ್ಟನ್ನು ಬಿಡುವುದಿಲ್ಲ. ಆಣೆಗಳನ್ನು ಕಾಣದ ಇಂದಿನ ಮಕ್ಕಳಿಗಾಗಿ ಹೇಳುವುದಾದರೆ, ಹದಿನಾರು ಆಣೆಗೆ ಒಂದು ರೂಪಾಯಿ. ಹನ್ನೆರಡು ಆಣೆ ಎಂದರೆ ಮುಕ್ಕಾಲು ರೂಪಾಯಿ. ಅವರು ರಾಜ್ಯವನ್ನು ಕೇಳಲಿಲ್ಲ, ಭಂಡಾರವನ್ನು ಕೇಳಲಿಲ್ಲ. ಮುಕ್ಕಾಲು ರೂಪಾಯಿಯನ್ನೂ ಮೈಮೇಲೆ ಕೈ ಬೀಳದಿರುವ ಭರವಸೆಯನ್ನೂ ಕೇಳಿದರು.

ಝರಿಯ ಸುದ್ದಿ ಕಾಡುಕಿಚ್ಚಿನಂತೆ ಹಬ್ಬಿತು. ಕೆಲವೇ ವಾರಗಳಲ್ಲಿ ವೇಠ ನಿಂತಿತು. ವಾರ್ಲಿಗಳು ಗುಂಪು ಗುಂಪಾಗಿ ಜಮೀನುದಾರರ ಅಂಗಳಕ್ಕೆ ಹೋಗಿ ಅಲ್ಲಿದ್ದ ಲಗ್ನಗಡಿಗಳನ್ನು ಹೊರಗೆ ಕರೆತಂದರು. ನ್ಯಾಯಾಲಯದ ಮೆಟ್ಟಿಲು ಹತ್ತದೆ, ಯಾರ ಕಾಗದ ಪತ್ರವನ್ನೂ ಕೇಳದೆ, ತಲೆಮಾರುಗಳ ದಾಸ್ಯವನ್ನು ಆ ಜನರು ಕೈಯಾರೆ ಕಿತ್ತೊಗೆದರು. ಜೀತದಾಳುಗಳ ಬಿಡುಗಡೆಗೆ ದೇಶದಾದ್ಯಂತ ಕಾಯಿದೆ ಬಂದದ್ದು ೧೯೭೬ರಲ್ಲಿ. ವಾರ್ಲಿಗಳು ಅದಕ್ಕಿಂತ ಮೂವತ್ತೊಂದು ವರ್ಷ ಮುಂದಿದ್ದರು!

ಮಳೆಗಾಲ ಮುಗಿದು ಹುಲ್ಲು ಕೊಯ್ಯುವ ಕಾಲ ಬಂತು. ಆ ಸೀಮೆಯ ದೊಡ್ಡ ವ್ಯಾಪಾರವೆಂದರೆ ಹುಲ್ಲು. ಅಲ್ಲಿ ಕೊಯ್ದು ಕಟ್ಟಿದ ಒಣಹುಲ್ಲು ರೈಲಿನಲ್ಲಿ ಮುಂಬಯಿಗೆ ಬಂದು ಇಲ್ಲಿನ ತಬೇಲಾಗಳ ಎಮ್ಮೆ ಕುದುರೆಗಳ ಹೊಟ್ಟೆ ತುಂಬುತ್ತಿತ್ತು. ಮುಂಬಯಿಯ ಹೋಟೆಲುಗಳ ಚಹಾಕ್ಕೆ, ಮನೆ ಮನೆಯ ಮಕ್ಕಳ ಬಟ್ಟಲಿಗೆ ಹಾಲು ಬರುತ್ತಿದ್ದುದು ಇಂಥ ಹುಲ್ಲಿನಿಂದ. ವಾರ್ಲಿಗಳು ಐನೂರು ಪೌಂಡು ಹುಲ್ಲಿಗೆ ಎರಡೂವರೆ ರೂಪಾಯಿ ಕೂಲಿ ಕೇಳಿದರು. ಐನೂರು ಪೌಂಡೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು ೨೨೭ ಕಿಲೋಗ್ರಾಂ. ಜಮೀನುದಾರರು ಒಪ್ಪಲಿಲ್ಲ. ಅಕ್ಟೋಬರ್‌ನಲ್ಲಿ ಮುಷ್ಕರ ಆರಂಭವಾಯಿತು. ಹುಲ್ಲು ನಿಂತಲ್ಲಿಯೇ ಒಣಗತೊಡಗಿತು.

ಮುಷ್ಕರವನ್ನು ಮುರಿಯಲು ಒಂದು ಕಪಟ ಹೂಡಲಾಯಿತು. ಗೋದಾವರಿಬಾಯಿಯವರು ತಲವಾಡೆಯಲ್ಲಿ ಸಭೆ ಕರೆದಿದ್ದಾರೆ, ಅವರ ಪ್ರಾಣಕ್ಕೆ ಅಪಾಯವಿದೆ, ಎಲ್ಲರೂ ಬರಬೇಕು ಎಂಬ ಸುಳ್ಳು ಸುದ್ದಿ ಹಬ್ಬಿತು. ಅಕ್ಕನಿಗೆ ಅಪಾಯವೆಂದರೆ ಮನೆಯಲ್ಲಿ ಕೂಡುವವರಾರು? ದೊಣ್ಣೆ, ಕತ್ತಿ ಹಿಡಿದು ಸಾವಿರ ಸಾವಿರ ಜನ ತಲವಾಡೆಗೆ ನೆರೆದರು. ಇತ್ತ, ವಾರ್ಲಿಗಳು ದಂಗೆ ಎದ್ದಿದ್ದಾರೆಂದು ಪೋಲೀಸರಿಗೆ ಹೇಳಿಕಳಿಸಲಾಗಿತ್ತು. ೧೯೪೫ರ ಅಕ್ಟೋಬರ್ ೧೦ರಂದು ಪೋಲೀಸರು ಗುಂಡು ಹಾರಿಸಿದರು. ಜನ ಚದುರಲಿಲ್ಲ. ಅಕ್ಕ ಇಲ್ಲಿಯೇ ಎಲ್ಲೋ ಇದ್ದಾಳೆ, ಅವಳನ್ನು ಬಿಟ್ಟು ಹೋಗುವುದೆಂತು ಎಂದು ಕೆಂಪು ಬಾವುಟದ ಸುತ್ತ ಕುಳಿತೇ ಇದ್ದರು. ಗುಂಡು ಮತ್ತೆ ಮತ್ತೆ ಹಾರಿತು. ಜೇಠ್ಯಾ ಗಾಂಗಡ ಮತ್ತು ಇನ್ನೂ ನಾಲ್ವರು ಆದಿವಾಸಿಗಳು ಪ್ರಾಣ ತೆತ್ತರು. ಯಾರನ್ನು ಕಾಯಲೆಂದು ಅವರು ನೆಲ ಹಿಡಿದು ಕುಳಿತಿದ್ದರೋ ಆ ಗೋದಾವರಿಬಾಯಿ ಅಂದು ಅಲ್ಲಿ ಇರಲೇ ಇಲ್ಲ. ಇದಕ್ಕಿಂತ ಕರುಳು ಕೊರೆಯುವ ಸಂಗತಿಯನ್ನು ನಾವು ಕಾಣೆವು. ಅಂದಿನಿಂದ ಆ ಸೀಮೆಯಲ್ಲಿ ಅಕ್ಟೋಬರ್ ೧೦ ಹುತಾತ್ಮರ ದಿನವಾಗಿದೆ.

ಜನ ಹೆದರಿ ಕೆಲಸಕ್ಕೆ ಮರಳುವರೆಂದು ಎಣಿಸಿದವರ ಲೆಕ್ಕ ತಪ್ಪಿತು. ಮುಷ್ಕರ ಇನ್ನಷ್ಟು ಬಿಗಿಯಾಯಿತು. ಕಡೆಗೆ ಜಮೀನುದಾರರೇ ಮಣಿದು ಎರಡೂವರೆ ರೂಪಾಯಿಗೆ ಒಪ್ಪಿಕೊಂಡರು. ಮರುವರ್ಷ ೧೯೪೬ರಲ್ಲಿ ಕಾಡಿನಲ್ಲಿ ಮರ ಕಡಿಯುವವರ ಕೂಲಿಗಾಗಿ ಇನ್ನೊಂದು ಮುಷ್ಕರ ನಡೆದು, ಮರದ ಗುತ್ತಿಗೆದಾರರೂ ಒಪ್ಪಂದಕ್ಕೆ ಬರಬೇಕಾಯಿತು. ಆದರೆ ಸರಕಾರ, ಅದೂ ಜನರಿಂದ ಚುನಾಯಿತವಾದ ಸರಕಾರವೇ, ಪರುಳೇಕರ ದಂಪತಿಗಳನ್ನೂ ಅವರ ಸಂಗಡಿಗರನ್ನೂ ಠಾಣೆ ಜಿಲ್ಲೆಯಿಂದ ಗಡೀಪಾರು ಮಾಡಿತು. ೧೯೪೭ರ ಜನವರಿಯಲ್ಲಿ ನಾನಿವಲಿಯಲ್ಲಿ ಮತ್ತೆ ಗುಂಡು ಹಾರಿ ಆದಿವಾಸಿಗಳು ಮಡಿದರು. ದೇಶಕ್ಕೆ ಸ್ವಾತಂತ್ರ್ಯ ಬರಲು ಆಗ ಏಳು ತಿಂಗಳು ಉಳಿದಿತ್ತು.

ಮುಂದಾಳು ಗಡೀಪಾರಾದ ಮೇಲೆ ಚಳವಳಿ ನಂದಿತೇ? ಇಲ್ಲ. ಗೋದಾವರಿಯವರ ಹಿರಿಮೆ ಇರುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ಅವರು ವಾರ್ಲಿಗಳಿಗೆ ಬದಲಾಗಿ ಹೋರಾಡಲಿಲ್ಲ. ವಾರ್ಲಿಗಳು ತಾವೇ ಹೋರಾಡುವಂತೆ ಅವರ ಬೆನ್ನ ಹುರಿಯನ್ನು ನೆಟ್ಟಗಾಗಿಸಿದರು. ಈ ಅನುಭವವನ್ನು ಅವರು 'ಜೇವ್ಹಾ ಮಾಣೂಸ ಜಾಗಾ ಹೋತೋ' ಎಂಬ ಮರಾಠಿ ಪುಸ್ತಕದಲ್ಲಿ ಬರೆದರು. 'ಮನುಷ್ಯ ಎಚ್ಚರಗೊಂಡಾಗ' ಎಂದು ಅದರ ಅರ್ಥ. ೧೯೭೦ರಲ್ಲಿ ಹೊರಬಂದ ಆ ಪುಸ್ತಕಕ್ಕೆ ೧೯೭೨ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೆಸರೇ ಅವರ ನಿಲುವನ್ನು ಸಾರುತ್ತದೆ. ಎಚ್ಚರಗೊಂಡವನು ಮನುಷ್ಯ, ಎಬ್ಬಿಸಿದವರ ಹೆಸರು ಆ ಶೀರ್ಷಿಕೆಯಲ್ಲಿ ಇಲ್ಲ.

ಅವರ ಪಕ್ಷವನ್ನು ಒಪ್ಪುವವರೂ ಉಂಟು, ಒಪ್ಪದವರೂ ಉಂಟು. ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ಎರಡು ಬಗೆಯವರೂ ಇದ್ದಾರೆ. ಆದರೆ ತಮ್ಮ ನಂಬಿಕೆಗೆ ಅವರು ತೆತ್ತ ಬೆಲೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಸ್ವತಂತ್ರ ಭಾರತದಲ್ಲಿಯೂ ಅವರಿಗೆ ಹಲವು ಸಲ ಸೆರೆವಾಸವಾಯಿತು. ತಮ್ಮ ಜೈಲಿನ ನೆನಪುಗಳ ಪುಸ್ತಕಕ್ಕೆ ಅವರು ಇಟ್ಟ ಹೆಸರೇ 'ಬಂದಿವಾಸಾಚೀ ಆಠ ವರ್ಷೇ', ಎಂದರೆ 'ಸೆರೆವಾಸದ ಎಂಟು ವರ್ಷಗಳು'. ೧೯೫೭ರಲ್ಲಿ ಠಾಣೆಯಿಂದ ಲೋಕಸಭೆಗೆ ಆರಿಸಿ ಹೋಗಿದ್ದ ಶಾಮರಾಯರು ೧೯೬೫ರ ಆಗಸ್ಟ್ ೩ರಂದು ಮುಂಬಯಿಯ ಆರ್ಥರ್ ರೋಡ್ ಸೆರೆಮನೆಯಲ್ಲಿ ಬಂದಿಯಾಗಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ಗೋದಾವರಿಬಾಯಿಯೂ ಬಂದಿಯೇ. ಹೊರಬಂದ ಮೇಲೆ ಅವರು ಮತ್ತೆ ಹೋದದ್ದು ತಲಾಸರಿ, ಡಹಾಣುಗಳ ಕಡೆಗೇ. ಕೆಂಪು ಬಾವುಟದ ಕೆಲಸದ ಜೊತೆಗೆ ಆದಿವಾಸಿ ಮಕ್ಕಳ ಓದಿಗೂ ಆಸರೆಯಾದರು. ೧೯೮೬ರಲ್ಲಿ ಅವರು ಅಖಿಲ ಭಾರತ ಕಿಸಾನ್ ಸಭೆಯ ಅಧ್ಯಕ್ಷೆಯಾದರು. ೧೯೯೬ರ ಅಕ್ಟೋಬರ್ ೮ರಂದು, ತಲವಾಡೆಯ ದಿನಕ್ಕೆ ಎರಡು ದಿನ ಮುಂಚೆ, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು.

ಕನ್ನಡಿಗರಾದ ನಮಗೆ ಈ ಚರಿತ್ರೆ ಹೊರಗಿನದಲ್ಲವೆನ್ನಲು ಇನ್ನೂ ಕಾರಣಗಳಿವೆ. ೧೯೫೬ರವರೆಗೆ ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರ ಜಿಲ್ಲೆಗಳೂ ಠಾಣೆಯೂ ಒಂದೇ ಮುಂಬಯಿ ಸರಕಾರದ ಆಡಳಿತದಲ್ಲಿದ್ದವು. ವಾರ್ಲಿಯನ್ನು ಕಾಡಿನಿಂದ ಹೊರಗಿಟ್ಟ ಕಾಯಿದೆಯೇ ಕಾರವಾರದ ಹಾಲಕ್ಕಿಗಳನ್ನೂ ಸಿದ್ದಿಗಳನ್ನೂ ಹೊರಗಿಟ್ಟಿತು. ಗೇಣಿದಾರರ ರಕ್ಷಣೆಗೆ ೧೯೪೮ರಲ್ಲಿ ಮುಂಬಯಿ ಸರಕಾರ ಮಾಡಿದ ಕಾಯಿದೆಯ ಪ್ರಯೋಜನ ನಮ್ಮ ಅಜ್ಜಂದಿರ ಹೊಲಗಳಿಗೂ ಬಂದಿತು. ಅಂಥ ಕಾಯಿದೆಗಳು ಇಂಥ ಹೋರಾಟಗಳ ಒತ್ತಡವಿಲ್ಲದೆ ಹುಟ್ಟುವುದಿಲ್ಲ. ಕಾಸರಗೋಡು ತಾಲೂಕಿನ ಕಯ್ಯೂರಿನ ರೈತರ ೧೯೪೧ರ ಹೋರಾಟವನ್ನೂ, ಅದಕ್ಕಾಗಿ ೧೯೪೩ರಲ್ಲಿ ನಾಲ್ವರು ಗಲ್ಲಿಗೇರಿದುದನ್ನೂ ನಿರಂಜನರ 'ಚಿರಸ್ಮರಣೆ' ಕನ್ನಡಿಗರ ಮನೆಮಾತಾಗಿಸಿತು. ೧೯೫೧ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಧಣಿಯ ದೊಡ್ಡ ಕೊಳಗದ ಅಳತೆಯನ್ನು ಪ್ರಶ್ನಿಸಿ ಸತ್ಯಾಗ್ರಹ ಹೂಡಿದರು, ಎಚ್. ಗಣಪತಿಯಪ್ಪನವರು ಮುಂದಾಳಾಗಿದ್ದರು, ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅಲ್ಲಿ ಕೊಳಗದ ಅಳತೆ, ಇಲ್ಲಿ ಹುಲ್ಲಿನ ತೂಕ. ಬಡವನ ಬೆವರನ್ನು ಅಳೆಯುವ ಮಾನ ಯಾರ ಕೈಯಲ್ಲಿರಬೇಕೆಂಬುದೇ ಎರಡೂ ಕಡೆಯ ಪ್ರಶ್ನೆ.

ಇನ್ನೊಂದು ಸಾಮ್ಯ ರಾಜ್ಯೋತ್ಸವದ ದಿನಕ್ಕೆ ಹೆಚ್ಚು ಹೊಂದುವಂಥದು. ೧೯೬೦ರ ಮೇ ೧ರಂದು ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರ, ಗುಜರಾತಗಳಾದಾಗ ಉಂಬರಗಾಂವ ತಾಲೂಕೂ ಒಡೆಯಿತು. ಉಂಬರಗಾಂವ ಗುಜರಾತಕ್ಕೆ ಹೋಯಿತು. ತಲಾಸರಿಯ ಭಾಗ ಮಹಾರಾಷ್ಟ್ರದಲ್ಲಿ ಉಳಿಯಿತು. ವಾರ್ಲಿಗಳು ಎರಡೂ ಕಡೆ ಹಂಚಿಹೋದರು. ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ರಾಜ್ಯ ಪಡೆದ ಆ ದಿನ, ಸ್ವಂತ ನುಡಿಯಿದ್ದೂ ಅದಕ್ಕೊಂದು ಲಿಪಿಯಿಲ್ಲದ ವಾರ್ಲಿಗಳನ್ನು ಗಡಿಯ ಗೆರೆ ಎಳೆಯುವವರು ಕೇಳಿದ್ದುಂಟೇ? ಕಾಸರಗೋಡನ್ನು ಕಳೆದುಕೊಂಡ ನೋವನ್ನು ಬಲ್ಲ ನಮಗೆ ಈ ಪ್ರಶ್ನೆಯ ತೂಕ ತಿಳಿಯದೆ ಇರದು. ನಮ್ಮ ನಾಡಿನೊಳಗೇ ಇರುವ ಜೇನುಕುರುಬರ, ಸೋಲಿಗರ, ಕೊರಗರ ನುಡಿಗಳನ್ನು ನಾವು ಹೇಗೆ ಕಾಣುತ್ತಿದ್ದೇವೆ ಎಂಬ ಮಾತೂ ಅದರ ಜೊತೆಗೇ ಬರುತ್ತದೆ.

ಗೋದಾವರಿಯವರು ತೀರಿಕೊಂಡ ಹತ್ತು ವರ್ಷಗಳ ತರುವಾಯ, ೨೦೦೬ರಲ್ಲಿ, ಕಾಡಿನ ಜನರ ಹಕ್ಕನ್ನು ಒಪ್ಪುವ ಅರಣ್ಯ ಹಕ್ಕು ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ೧೮೭೮ರಲ್ಲಿ ಕಿತ್ತುಕೊಂಡುದನ್ನು ಮರಳಿ ಕೊಡಲು ನೂರಿಪ್ಪತ್ತೆಂಟು ವರ್ಷ ಬೇಕಾಯಿತು. ೨೦೧೧ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಣೆಯ ಕಾಡಿನಲ್ಲಿಯೇ ಸಮುದಾಯದ ಹಕ್ಕನ್ನು ಪಡೆದುಕೊಂಡು ದೇಶಕ್ಕೆ ಮಾದರಿಯಾದರು. ಆದರೆ ಕಾಯಿದೆಯಲ್ಲಿ ಬರೆದ ಹಕ್ಕು ಕೈಗೆ ಬರುವುದು ಬೇರೆಯೇ ಮಾತು. ೨೦೧೮ರ ಮಾರ್ಚ್ ೬ರಂದು ನಾಸಿಕದಿಂದ ಹೊರಟ ಸಾವಿರಾರು ರೈತರು, ಅವರಲ್ಲಿ ಬಹುಮಂದಿ ಆದಿವಾಸಿಗಳು, ಇದೇ ಅರಣ್ಯಭೂಮಿಯ ಹಕ್ಕನ್ನು ಕೇಳುತ್ತ ಠಾಣೆಯ ಮೇಲಿಂದ ನಡೆದು ೧೨ರಂದು ಮುಂಬಯಿಯ ಆಜಾದ್ ಮೈದಾನವನ್ನು ಸೇರಿದರು. ಅಂದು ಹತ್ತನೆಯ ತರಗತಿಯ ಪರೀಕ್ಷೆಯಿತ್ತು. ನಗರದ ಮಕ್ಕಳಿಗೆ ತೊಡಕಾಗಬಾರದೆಂದು, ಸವೆದ ಚಪ್ಪಲಿಯ, ಬೊಕ್ಕೆಯೆದ್ದ ಕಾಲಿನ ಆ ಜನರು ವಿಶ್ರಾಂತಿ ಬಿಟ್ಟು ಕೊನೆಯ ದಾರಿಯನ್ನು ರಾತ್ರಿಯಲ್ಲಿ ನಡೆದರು. ಪರೀಕ್ಷೆಗೆ ಹೊರಟ ಮಕ್ಕಳಲ್ಲಿ ಕನ್ನಡಿಗರ ಮಕ್ಕಳೂ ಇದ್ದಿರಲೇಬೇಕು. ಆ ಋಣ ನಮ್ಮ ಮೇಲೆಯೂ ಇದೆ.

ಸೋಲಾಪುರದ ಹತ್ತಿರ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ಹತ್ತು ಸಾವಿರ ಮನೆಗಳ ಒಂದು ವಸತಿಯೆದ್ದಿದೆ; ಅದಕ್ಕೆ ಗೋದೂತಾಯಿಯವರ ಹೆಸರನ್ನೇ ಇಟ್ಟಿದ್ದಾರೆ. ಕನ್ನಡ, ತೆಲುಗು, ಮರಾಠಿಗಳು ಕೂಡಿ ಬಾಳುವ ಆ ಊರಿನಲ್ಲಿ ದುಡಿಯುವ ಹೆಣ್ಣುಮಕ್ಕಳ ಸೂರಿಗೆ ಆ ಹೆಸರು ಒಪ್ಪುವಂಥದೇ. ನಮ್ಮ ಕಾಮೋಠೆಯಲ್ಲಿ ಅವರ ಹೆಸರಿನ ಮನೆಗಳಿಲ್ಲ. ಆದರೆ ಅವರು ಮೊದಲು ಸಂಘಟಿಸಿದ ಜನ ನಮ್ಮ ಮನೆ ಮನೆಯಲ್ಲಿದ್ದಾರೆ. ಬೆಳಿಗ್ಗೆ ಬಾಗಿಲು ತಟ್ಟಿ ಬಂದು ಪಾತ್ರೆ ತೊಳೆದು ನೆಲ ಒರೆಸುವ ಹೆಂಗಸು ಯಾವ ಊರಿನವಳು, ಅವಳಿಗೆ ವಾರಕ್ಕೊಂದು ಬಿಡುವುಂಟೇ, ಬೇನೆ ಬಿದ್ದ ದಿನದ ಕೂಲಿ ಉಂಟೇ, ಅವಳ ಮಗು ಶಾಲೆಗೆ ಹೋಗುತ್ತಿದೆಯೇ ಎಂದು ವಿಚಾರಿಸುವುದಕ್ಕೆ ಯಾವ ಪಕ್ಷದ ಬಾವುಟವೂ ಬೇಕಾಗಿಲ್ಲ. ಮಳೆಗಾಲದಲ್ಲಿ ಕಾಡುಸೊಪ್ಪನ್ನೂ ಗೆಡ್ಡೆಗಳನ್ನೂ ಪನವೇಲದ ಪೇಟೆಗೆ ಹೊತ್ತು ತರುವ ಕಾತಕರಿ ಹೆಂಗಸಿನೊಡನೆ ಐದು ರೂಪಾಯಿಗಾಗಿ ಚೌಕಾಸಿ ಮಾಡುವ ಮುನ್ನ, ಅವಳು ನಾಗ್ಯಾ ಕಾತಕರಿಯ ಕುಲದವಳೆ���ದು ನೆನೆಯುವುದಕ್ಕೆ ಯಾವ ಕಾಯಿದೆಯೂ ಬೇಕಾಗಿಲ್ಲ.

ನಾವೂ ಊರು ಬಿಟ್ಟು ಬಂದವರು. ಹೋಟೆಲಿನ ಅಡುಗೆಮನೆಯಲ್ಲಿ ಹಗಲೆಲ್ಲ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಈ ಮಹಾನಗರದಲ್ಲಿ ತಲೆ ಎತ್ತಿದವರು ನಮ್ಮ ಹಿರಿಯರು. ಕೂಲಿಯ ಬೆಲೆಯೂ ಮಾನದ ಬೆಲೆಯೂ ಅವರಿಗೆ ಗೊತ್ತಿತ್ತು. ಹನ್ನೆರಡು ಆಣೆಗೂ ತಲೆ ಎತ್ತಿ ನಡೆಯುವುದಕ್ಕೂ ಝರಿಯ ಜನ ಪಟ್ಟ ಹಟದಲ್ಲಿ ನಮ್ಮ ಹಿರಿಯರ ಮುಖವೇ ಕಾಣುತ್ತದೆ. ತಾಯ್ನುಡಿಯ ಹಬ್ಬವನ್ನು ಆಚರಿಸುವ ಈ ದಿನ, ಆಶ್ರಯವಿತ್ತ ನೆಲದ ಮೊದಲ ಮಕ್ಕಳಿಗೂ ಅವರ ಪರವಾಗಿ ನಿಂತ ಆ ತಾಯಿಗೂ ನಮಸ್ಕಾರ ಸಲ್ಲಿಸೋಣ. ಮಕ್ಕಳಿಗೆ ಆಲೂರರ ಹೆಸರನ್ನು ಹೇಳಿಕೊಡುವಾಗ ಗೋದಾವರಿ ಪರುಳೇಕರರ, ಮಾಹ್ಯಾ ಧಾಂಗಡನ, ಜೇಠ್ಯಾ ಗಾಂಗಡನ ಹೆಸರುಗಳನ್ನೂ ಹೇಳಿಕೊಡೋಣ. ಕನ್ನಡದಲ್ಲಿಯೇ ಹೇಳಿಕೊಡೋಣ. ಹಾಗೆ ಹೇಳಿದರೆ ಕನ್ನಡವೂ ಹಿಗ್ಗುತ್ತದೆ, ಈ ನೆಲವೂ ನಮ್ಮದಾಗುತ್ತದೆ.